ವಾಲಿದ ಮರದ ಒಳಗುಟ್ಟು

ಸುಳ್ಯ, ಪುತ್ತೂರು ಕಡೆ ಹಾಲು ಕಮ್ಮಿಯಾದ ಹಳೇ ರಬ್ಬರ್ ಮರಗಳನ್ನು ಕಡಿದು ಸಾಮಿಲ್ಲಿಗೆ ಸಾಗಿಸುತ್ತಾರೆ. ಹಸಿ ದಿಮ್ಮಿ ಸೀಳಿದಾಗ ಕೆಲವು ಹಲಗೆಗಳ ಮೈ ಮಾತ್ರ ನುಣುಪಾಗುವುದಿಲ್ಲ. ಉಣ್ಣೆಯ ಹಾಗೆ ನಾರೆದ್ದು ನಿಲ್ಲುತ್ತದೆ. ಗರಗಸದ ಹಲ್ಲಿಗೆ ಎಷ್ಟು ಅರ ಹಾಕಿದರೂ ಅದು ಪೂರ್ತಿ ಹೋಗದು. ಕಾರಣ ಆ ಮರ ಬೆಳೆದ ರೀತಿಯಲ್ಲೇ ಇದೆ.

ಗಾಳಿಗೋ ಇಳಿಜಾರಿಗೋ ವಾಲಿದ ಮರ ಮತ್ತೆ ನೆಟ್ಟಗಾಗಲು ಹೆಣಗುತ್ತದೆ. ಅದಕ್ಕಾಗಿ ಕಾಂಡದ ಒಂದು ಮಗ್ಗುಲಲ್ಲಿ ಬೇರೆಯೇ ಬಗೆಯ ಕೋಶಗಳನ್ನು ಬೆಳೆಸುತ್ತದೆ. ರಬ್ಬರ್, ನೀಲಗಿರಿಯಲ್ಲಿ ಅವು ಮೇಲ್ಮಗ್ಗುಲಲ್ಲಿ ಹುಟ್ಟಿ ಕಾಂಡವನ್ನು ಎಳೆಯುತ್ತವೆ. ಇದು ಟೆನ್ಷನ್ ವುಡ್. ಪೈನ್, ಸ್ಪ್ರೂಸ್‌ಗಳಲ್ಲಿ ಕೆಳಮಗ್ಗುಲಲ್ಲಿ ಹುಟ್ಟಿ ತಳ್ಳುತ್ತವೆ. ಇದು ಕಂಪ್ರೆಷನ್ ವುಡ್.

ಜರ್ಮನಿಯವರು ಈ ಎರಡನೆಯದನ್ನು ಅದರ ಬಣ್ಣ ನೋಡಿ ಕೆಂಪು ಮರ ಎಂದು ಕರೆಯುತ್ತಿದ್ದರು. 1890ರ ದಶಕದಲ್ಲಿ ಅದನ್ನು ಕೂಲಂಕಷವಾಗಿ ಪರೀಕ್ಷಿಸಿದ ರಾಬರ್ಟ್ ಹಾರ್ಟಿಗ್, ಕಾಂಡದ ಮೇಲೆ ಬೀಳುವ ಒತ್ತಡವೇ ಇದಕ್ಕೆ ಕಾರಣವೆಂದ. 1906ರಲ್ಲಿ ಯೂವರ್ಟ್ ಮತ್ತು ಮೇಸನ್-ಜೋನ್ಸ್ ಎಳೆಯ ಕಾಂಡಗಳನ್ನು ಪೂರ್ತಿ ಸುತ್ತು ಬಾಗಿಸಿ ಕಟ್ಟಿ ಬೆಳೆಸಿದರು. ಸುತ್ತಿನ ಮೇಲ್ಭಾಗದಲ್ಲೂ ಕೆಳಭಾಗದಲ್ಲೂ ಕೆಂಪು ಮರ ಬೆಳೆದದ್ದು ನೆಲದ ಕಡೆಯ ಮಗ್ಗುಲಲ್ಲೇ. ಕೆಳಭಾಗದಲ್ಲಿ ಆ ಮಗ್ಗುಲಿಗೆ ಒತ್ತಡವಿರಲಿಲ್ಲ, ಎಳೆತವಿತ್ತು! ಮರ ಸ್ಪಂದಿಸಿದ್ದು ಭೂಮಿಯ ಸೆಳೆತಕ್ಕೆ. ಇಷ್ಟು ಸರಳ, ಇಷ್ಟು ಖಚಿತ ಪ್ರಯೋಗ ವಿಜ್ಞಾನದಲ್ಲಿ ಅಪರೂಪ.

ಮರಕ್ಕೆ ಬಲ ಕೊಟ್ಟದ್ದೇ ಬಡಗಿಗೆ ತೊಡಕು. ಕಂಪ್ರೆಷನ್ ವುಡ್ ತೂಕದಲ್ಲಿ ಹೆಚ್ಚು, ಆದರೆ ಆ ತೂಕಕ್ಕೆ ತಕ್ಕ ಬಿಗುವಿಲ್ಲ. ಭಾರ ಬಿದ್ದರೆ ಸುಳಿವು ಕೊಡದೆ ಪಟ್ಟನೆ ಮುರಿಯುತ್ತದೆ. ಏಣಿಗೆ ಇದು ಸಲ್ಲದು. ಸಾಮಾನ್ಯ ಮರ ಒಣಗುವಾಗ ಉದ್ದದಲ್ಲಿ ಕುಗ್ಗುವುದು ಶೇ. 0.1–0.2 ಅಷ್ಟೇ, ಇದು ಶೇ. 1 ದಾಟಬಹುದು. ಎರಡು ಮೀಟರ್ ಪಟ್ಟಿ ಎರಡು ಸೆಂಟಿಮೀಟರ್ ಗಿಡ್ಡವಾದಂತೆ. ಸರಿಯಾಗಿ ಒಣಗದ ಇಂಥ ಪಟ್ಟಿಯನ್ನು ಒಳ್ಳೆಯ ಪಟ್ಟಿಗೆ ಅಂಟಿಸಿದರೆ ಹಲಗೆ ಬಾಗುತ್ತದೆ, ಇಲ್ಲವೇ ಬೆಸುಗೆ ಬಿಡುತ್ತದೆ. ಕೋಶಗಳ ಗೋಡೆ ದಪ್ಪ, ಒಳಟೊಳ್ಳು ಕಿರಿದು. ಅಂಟು ಒಳಗಿಳಿಯಲು ಜಾಗವೂ ಕಡಿಮೆ.

ರಬ್ಬರ್ ಮರದ ಕಥೆ ಬೇರೆ. ಅದರ ಟೆನ್ಷನ್ ವುಡ್ ನಾರುಗಳೊಳಗೆ ಬಹುಪಾಲು ಸೆಲ್ಯುಲೋಸ್‌ನಿಂದಾದ ಮೆತ್ತನೆಯ ಪದರವಿದೆ. ನಾರನ್ನು ಬಿಗಿಯಾಗಿ ಹಿಡಿಯುವ ಲಿಗ್ನಿನ್ ಅಲ್ಲಿ ತೀರಾ ಕಡಿಮೆ. ಹಾಗಾಗಿ ಅಲಗು ತಾಗಿದರೆ ನಾರು ತುಂಡಾಗದೆ ಕಿತ್ತುಬರುತ್ತದೆ, ಆ ನಾರು ಅಂಟನ್ನು ಹೀರಿ ಎರಡು ಮೈಗಳು ಕೂಡದಂತೆ ತಡೆಯುತ್ತದೆ.

ಬೆಸುಗೆ ಬಿಟ್ಟಾಗ ಬೈಗುಳ ತಿನ್ನುವುದು ಅಂಟು. ಹಲಗೆ ಮಾಡುವವರು ಮೊದಲು ದಿಮ್ಮಿಯ ತುದಿ ನೋಡಲಿ. ತಿರುಳು ನಡುವಿನಿಂದ ಸರಿದು, ಒಂದೇ ಕಡೆ ಉಂಗುರಗಳು ಅಗಲವಾಗಿದ್ದರೆ ಆ ಭಾಗದ ಪಟ್ಟಿಗಳನ್ನು ಬೇರೆಯಾಗಿಟ್ಟು, ಚೆನ್ನಾಗಿ ಒಣಗಿಸಿ, ಪರೀಕ್ಷಿಸಿದ ಮೇಲೆಯೇ ಅಂಟು ಹಚ್ಚಲಿ.