ಫೀಲಿಕ್ಸ್ ಎತ್ತಿದ ದೊಣ್ಣೆ

‘ಫ್ರಾಂಕೆನ್‌ಸ್ಟೈನ್’ ಓದದವರಿಗೂ ಅದರ ದೈತ್ಯ ಗೊತ್ತು. 1931ರ ಹಾಲಿವುಡ್ ಚಿತ್ರದಲ್ಲಿ ಬೋರಿಸ್ ಕಾರ್ಲಾಫ್ ಹಾಕಿದ ಚಪ್ಪಟೆ ತಲೆಯ ವೇಷವೇ ಕಣ್ಣಲ್ಲಿ ನಿಂತುಬಿಟ್ಟಿದೆ. ಆ ಚಿತ್ರದಲ್ಲಿ ಅವನಿಗೆ ಮಾತಿಲ್ಲ, ಬರೀ ಗುರುಗುಟ್ಟುತ್ತಾನೆ. ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಾದರೋ ಅವನು ತನ್ನ ಕಥೆಯನ್ನು ಅಧ್ಯಾಯಗಟ್ಟಲೆ ತಾನೇ ಹೇಳಿಕೊಳ್ಳುತ್ತಾನೆ.

ಸೃಷ್ಟಿಸಿದ ವಿಕ್ಟರನೇ ಹೆದರಿ ಓಡಿದ ಮೇಲೆ, ಅವನು ಜರ್ಮನಿಯ ಒಂದು ಬಡ ಮನೆಗೆ ಅಂಟಿದ ಗೂಡಿನಲ್ಲಿ ಅಡಗುತ್ತಾನೆ. ಗೋಡೆಯ ಬಿರುಕಿನಿಂದ ಕಾಣುವವರು ಕಣ್ಣಿಲ್ಲದ ಮುದುಕ ಡಿ ಲೇಸಿ, ಮಗ ಫೀಲಿಕ್ಸ್, ಮಗಳು ಅಗಾಥಾ. ರಾತ್ರಿ ಅವರ ಆಹಾರ ಕದಿಯುತ್ತಿದ್ದವನು, ಅವರೂ ಅರೆಹೊಟ್ಟೆಯಲ್ಲಿದ್ದಾರೆಂದು ತಿಳಿದದ್ದೇ ಕೈ ಬಿಗಿಹಿಡಿಯುತ್ತಾನೆ. ಕತ್ತಲಲ್ಲಿ ಸೌದೆ ಕಡಿದು ತಂದಿಡುತ್ತಾನೆ, ಹಿಮ ಬಿದ್ದರೆ ದಾರಿ ಬಿಡಿಸುತ್ತಾನೆ. ಫೀಲಿಕ್ಸ್ ತನ್ನ ಪ್ರೇಯಸಿ ಸಫಿಗೆ ಪಾಠ ಹೇಳುವಾಗ ಇವನೂ ಕದ್ದು ಕೇಳಿ ಭಾಷೆ ಕಲಿಯುತ್ತಾನೆ.

ಮೇರಿ ಈ ಮನೆಯವರಿಗೆ ಕೊಟ್ಟ ಹಿನ್ನೆಲೆ ನನ್ನನ್ನು ಕಾಡುತ್ತದೆ. ಸಫಿಯ ತಂದೆ ಪ್ಯಾರಿಸ್ಸಿನಲ್ಲಿದ್ದ ತುರ್ಕಿ ವ್ಯಾಪಾರಿ. ಅವನ ಮತ ಮತ್ತು ಸಿರಿವಂತಿಕೆ ಸಹಿಸದವರು ಅವನಿಗೆ ಮರಣದಂಡನೆ ವಿಧಿಸಿದರು. ಅನ್ಯಾಯ ತಾಳದ ಫೀಲಿಕ್ಸ್ ಅವನನ್ನು ಸೆರೆಯಿಂದ ಪಾರು ಮಾಡಿದ. ಅದಕ್ಕಾಗಿ ತಂದೆಯೂ ಅಗಾಥಾಳೂ ಜೈಲು ಕಂಡರು, ಆಸ್ತಿ ಹೋಯಿತು, ದೇಶವೇ ಬಿಡಬೇಕಾಯಿತು. ಪರಕೀಯನೊಬ್ಬನಿಗಾಗಿ ಇಷ್ಟೆಲ್ಲ ಕಳೆದುಕೊಂಡ ಮನೆ ಅದು.

ಮುದುಕ ಒಬ್ಬನೇ ಇದ್ದಾಗ ದೈತ್ಯ ಒಳಗೆ ಹೋಗಿ ಮಾತಾಡುತ್ತಾನೆ. ಮುಖ ಕಾಣದ ಮುದುಕ ಮಾತನ್ನಷ್ಟೇ ಕೇಳಿ ಕನಿಕರಪಡುತ್ತಾನೆ. ಅಷ್ಟರಲ್ಲಿ ಉಳಿದವರು ಬರುತ್ತಾರೆ. ಅಗಾಥಾ ಮೂರ್ಛೆ ಹೋಗುತ್ತಾಳೆ, ಸಫಿ ಓಡುತ್ತಾಳೆ. ಫೀಲಿಕ್ಸ್, ಅದೇ ಫೀಲಿಕ್ಸ್, ದೊಣ್ಣೆಯಿಂದ ಬಡಿಯುತ್ತಾನೆ. ಒಂದೇ ಏಟಿಗೆ ಅವನನ್ನು ಮುಗಿಸಬಲ್ಲ ಜೀವ ತಿರುಗಿ ಕೈ ಎತ್ತದೆ ಹೊರಟುಹೋಗುತ್ತದೆ. ಮುಂದೆ ಹೊಳೆಗೆ ಬಿದ್ದ ಹುಡುಗಿಯನ್ನು ಉಳಿಸಿದಾಗಲೂ ಅವನಿಗೆ ಸಿಕ್ಕದ್ದು ಗುಂಡೇಟು.

ಆಮೇಲೆ ಅವನು ಕೊಲೆಗಾರನಾದ. ವಿಕ್ಟರನ ಪುಟ್ಟ ತಮ್ಮ ವಿಲಿಯಂನ ಕತ್ತು ಹಿಸುಕಿದ್ದನ್ನು ಯಾವ ನೋವೂ ಸಮರ್ಥಿಸದು. ಆ ಮಗುವಿನ ಕೊರಳಲ್ಲಿದ್ದ ಪುಟ್ಟ ಭಾವಚಿತ್ರವನ್ನು ಅವನು ನಿದ್ದೆಯಲ್ಲಿದ್ದ ಜಸ್ಟಿನ್ ಎಂಬ ಮನೆಗೆಲಸದ ಹುಡುಗಿಯ ಉಡುಪಿಗೆ ಸೇರಿಸುತ್ತಾನೆ. ಇವಳ ಮುಖದಲ್ಲಿ ಯಾವ ಕುರೂಪವೂ ಇರಲಿಲ್ಲ. ಜಿನೀವಾದ ವಿಕ್ಟರನ ಮನೆಯಲ್ಲೇ ಬೆಳೆದವಳು. ಆದರೂ ಪಾದ್ರಿ ನರಕದ ಭಯ ಹುಟ್ಟಿಸಿ ಮಾಡದ ತಪ್ಪು ಒಪ್ಪಿಸಿದ, ನ್ಯಾಯಾಲಯ ಗಲ್ಲಿಗೇರಿಸಿತು. ಕೊಲೆಗಾರ ಯಾರೆಂದು ವಿಕ್ಟರನಿಗೆ ಖಾತ್ರಿಯಿತ್ತು, ಬಾಯಿ ಬಿಡಲಿಲ್ಲ. ಅವಳನ್ನು ವರ್ಷಗಟ್ಟಲೆ ಬಲ್ಲ ಸಾಕ್ಷಿಗಳೂ ಅವಳ ಪರವಾಗಿ ಗಟ್ಟಿಯಾಗಿ ನಿಲ್ಲಲು ಅಂಜಿದರು.