ಆಟದ ಬಯಲಲ್ಲಿ ಊಟದ ಪಾಠ

ನಾಲವಾರ (ಚಿತ್ತಾಪುರ ತಾಲ್ಲೂಕು): ಕಬಡ್ಡಿ ಅಂಕಣಕ್ಕಿಳಿದ ಬಾಲಕ ಬೇಗನೆ ಏದುಸಿರು ಬಿಟ್ಟರೆ ಸೋಮಾರಿಯೆಂದು ಗದರಿಸುವುದು ವಾಡಿಕೆ. ಕಾರಣ ರಕ್ತಹೀನತೆಯೂ ಆಗಿರಬಹುದು. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಕಬ್ಬಿಣಾಂಶ ಬೇಕೇಬೇಕು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅಂದಿನ ಆ ಮಕ್ಕಳಲ್ಲಿ ಬಹುತೇಕರು ಇಂದು ಶಾಲೆಯ ಅಂಗಳದಲ್ಲಿದ್ದಾರೆ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ತಕ್ಕ ಆಹಾರವಿಲ್ಲದಿದ್ದರೆ ಬೆಳವಣಿಗೆಗೆ ಒದಗಬೇಕಾದ ಶಕ್ತಿ ಆಟದಲ್ಲೇ ವ್ಯಯವಾಗುತ್ತದೆ.

ಕಲಬುರಗಿ ಸೇರಿದಂತೆ ಏಳು ಜಿಲ್ಲೆಗಳಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹಕ್ಕೆ 2013ರಲ್ಲಿ ಹಾಲು ಸೇರಿತು. 2021ರ ಡಿಸೆಂಬರ್‌ನಲ್ಲಿ ಈ ಭಾಗದ ಶಾಲೆಗಳಲ್ಲಿ ಮೊಟ್ಟೆ ವಿತರಣೆ ಆರಂಭವಾಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಅದು ವಾರಕ್ಕೆ ಆರು ದಿನಗಳಿಗೆ ವಿಸ್ತರಿಸಿತು. ತಟ್ಟೆಗೆ ಬಂದದ್ದನ್ನು ಏಕೆ ತಿನ್ನಬೇಕೆಂದು ತಿಳಿಸಲು ಮೈದಾನವೇ ತಕ್ಕ ಸ್ಥಳ.

ಪಾಠದ ಸಾಮಗ್ರಿ ಮನೆಯಲ್ಲೇ ಇದೆ. ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲ ತೊಗರಿಯಲ್ಲಿ ಹೇರಳವಾಗಿದೆ. ಹೀಗಾಗಿ ರೊಟ್ಟಿಗೆ ಬೇಳೆಯ ಜೊತೆ ಬೇಕು. ಪಲ್ಯಕ್ಕೆ ಲಿಂಬೆ ಹಿಂಡಿದರೆ ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟದ ಜೊತೆಗಿನ ಚಹಾ ಅದಕ್ಕೆ ಅಡ್ಡಿಯಾಗುತ್ತದೆ.

ಆಟದ ಅವಧಿಯಲ್ಲಿ ಹತ್ತು ನಿಮಿಷ ಇದಕ್ಕೆ ಮೀಸಲಿಡಲು ಹೊಸ ಅನುದಾನ ಬೇಕಿಲ್ಲ. ಸೇಡಂ, ಶಹಾಬಾದ್, ಚಿಂಚೋಳಿಯ ಶಾಲೆಗಳಿಗೂ ಇದು ಸಾಧ್ಯ. ಗೆಲ್ಲುವ ಆಸೆಯಿಂದ ಕಲಿತ ಊಟದ ಕ್ರಮವನ್ನು ಮಕ್ಕಳು ಮನೆಗೂ ಒಯ್ಯುತ್ತಾರೆ.