ನೀರಿನ ಮೇಲಣ ಇಮ್ಮುಖದ ಹಾಳೆ

ಎಣ್ಣೆಯ ಪಾತ್ರೆ ತೊಳೆದ ನೀರಿನ ಮೇಲೆ ಜಿಡ್ಡಿನ ಪೊರೆ ಹರಡಿಕೊಳ್ಳುವುದನ್ನು ನಾವೆಲ್ಲರೂ ಕಂಡಿರುವೆವಷ್ಟೆ. ಅದನ್ನು ಚೆಲ್ಲಿ ಮರೆಯುವುದೇ ವಾಡಿಕೆ. ಆದರೆ ಆ ಪೊರೆಯನ್ನು ಅಳೆಯುವ ಬಗೆಯನ್ನು ಲೋಕಕ್ಕೆ ತೋರಿಸಿಕೊಟ್ಟವರು ಮನೆವಾರ್ತೆಯಲ್ಲಿ ತೊಡಗಿದ್ದ ಒಬ್ಬ ಮಹಿಳೆಯೆಂಬುದನ್ನು ನಮ್ಮ ವಾಚಕರು ತಿಳಿಯತಕ್ಕದ್ದು.

ಆಗ್ನೆಸ್ ಪೊಕೆಲ್ಸ್ ಎಂಬ ಈಕೆಯು 1862ರಲ್ಲಿ ಜನಿಸಿ, ಜರ್ಮನಿಯ ಬ್ರೌನ್‌ಷ್ವೈಗ್ ನಗರದಲ್ಲಿ ನೆಲಸಿದ್ದರು. ಆಗ ಅಲ್ಲಿಯ ವಿಶ್ವವಿದ್ಯಾಲಯಗಳು ಸ್ತ್ರೀಯರಿಗೆ ಬಾಗಿಲು ತೆರೆದಿರಲಿಲ್ಲ. ತಂದೆತಾಯಿಗಳ ಶುಶ್ರೂಷೆ, ಅಡಿಗೆಮನೆಯ ಕೆಲಸಗಳ ನಡುವೆಯೇ ಈಕೆ ತಗಡಿನ ತೊಟ್ಟಿಯಲ್ಲಿ ಅಂಚಿನವರೆಗೆ ನೀರು ತುಂಬಿ, ಅಡ್ಡಲಾಗಿಟ್ಟ ಪಟ್ಟಿಯೊಂದನ್ನು ಸರಿಸಿ, ಜಿಡ್ಡಿನ ಪೊರೆಯನ್ನು ಹಿಗ್ಗಿಸಿ ಕುಗ್ಗಿಸುತ್ತಿದ್ದರು. ಮೇಲ್ಮೈಗೆ ತಾಕಿಸಿದ ಗುಂಡಿಯನ್ನು ತಕ್ಕಡಿಯಿಂದೆತ್ತಿ, ನೀರಿನ ಮೇಲ್ಮೈಯ ಬಿಗಿತವನ್ನು ತೂಗುತ್ತಿದ್ದರು. ಪೊರೆಯನ್ನು ಒಂದು ಮಿತಿಗಿಂತ ಕುಗ್ಗಿಸಿದೊಡನೆ ಬಿಗಿತವು ಥಟ್ಟನೆ ಇಳಿಯುವುದು ಕಂಡುಬಂದಿತು. 1891ರಲ್ಲಿ ಇದನ್ನೆಲ್ಲ ಇಂಗ್ಲೆಂಡಿನ ಲಾರ್ಡ್ ರ‍್ಯಾಲೆಯವರಿಗೆ ಬರೆದು ತಿಳಿಸಲು, ಆ ಮಹನೀಯರು ಆ ಪತ್ರವನ್ನು ಅದೇ ವರ್ಷ 'ನೇಚರ್' ಪತ್ರಿಕೆಯಲ್ಲಿ ಅಚ್ಚುಮಾಡಿಸಿದರು.

ಆ ಮಿತಿಯ ಮರ್ಮವೇನು? 1917ರಲ್ಲಿ ಅಮೆರಿಕದ ಇರ್ವಿಂಗ್ ಲ್ಯಾಂಗ್ಮ್ಯೂರರು ಅದನ್ನು ವಿಶದಪಡಿಸಿದರು. ಇಂತಹ ಪೊರೆಯ ಒಂದೊಂದು ಅಣುವಿಗೂ ತಲೆಬಾಲಗಳುಂಟು. ತಲೆಗೆ ನೀರು ಪ್ರಿಯ, ಬಾಲಕ್ಕೆ ನೀರೆಂದರಾಗದು. ಆದುದರಿಂದ ಅಣುಗಳು ತಲೆಯನ್ನು ನೀರಿಗೂ ಬಾಲವನ್ನು ಗಾಳಿಗೂ ಮಾಡಿ, ಗದ್ದೆಯ ಪೈರಿನಂತೆ ಒತ್ತೊತ್ತಾಗಿ ನಿಲ್ಲುವುವು. ಯಾರೂ ನೆಯ್ಯದೆ ತಾನಾಗಿ ನೆಯ್ದುಕೊಂಡ ಈ ಹಾಳೆಯ ದಪ್ಪವು ಒಂದೇ ಅಣುವಿನಷ್ಟು. ಎಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು ಮೂರು ಪಾಲು. ಇದರ ಕೆಳಮುಖವು ನೀರನ್ನು ಬಯಸುವುದು; ಮೇಲ್ಮುಖವು ಒಲ್ಲದು.

ಲ್ಯಾಂಗ್ಮ್ಯೂರರ ಸಹೋದ್ಯೋಗಿ ಕ್ಯಾಥರಿನ್ ಬ್ಲಾಜೆಟ್ ಎಂಬ ವಿದುಷಿಯು ಗಾಜನ್ನು ಇಂತಹ ನೀರಿನಲ್ಲಿ ಅದ್ದಿ ಅದ್ದಿ ಎತ್ತಿ, ಹಾಳೆಗಳನ್ನು ಒಂದರ ಮೇಲೊಂದು ಹೊದಿಸಿದರು. 1938ರಲ್ಲಿ 44 ಪದರಗಳಿಂದ, ಬೆಳಕನ್ನು ಪ್ರತಿಫಲಿಸದ ಗಾಜನ್ನು ಮಾಡಿ ತೋರಿಸಿದರು. ಆದರೆ ಆ ಪದರಗಳು ಒರೆಸಿದರೆ ಅಳಿಸಿಹೋಗುತ್ತಿದ್ದುವು.

ಈಗಿನ ಶಾಸ್ತ್ರಜ್ಞರು ದ್ರವದ ಮೇಲ್ಮೈಯಲ್ಲಿ ಸಾಲುಗೂಡಿದ ಅಣುಗಳನ್ನು ಅಲ್ಲಿಯೇ ಒಂದಕ್ಕೊಂದು ಬೆಸೆದು, ಎರಡು ಮುಖಗಳಿಗೂ ಬೇರೆ ಬೇರೆ ಗುಣವುಳ್ಳ ಗಟ್ಟಿ ಹಾಳೆಗಳನ್ನು ತಯಾರಿಸುತ್ತಿದ್ದಾರೆ. ರೋಮನರ ಇಮ್ಮುಖ ದೇವತೆಯಾದ ಜೇನಸ್ಸಿನ ಹೆಸರನ್ನೇ ಇವಕ್ಕಿಟ್ಟಿದ್ದಾರೆ. ಇಂತಹ ಹಾಳೆಯು ಒಂದು ಮುಖವನ್ನು ಎಣ್ಣೆಗೂ ಇನ್ನೊಂದನ್ನು ನೀರಿಗೂ ತಿರುಗಿಸಿ ನಡುವೆ ನಿಂತು, ಚೆದರಿದ ಹನಿಗಳು ಮರಳಿ ಒಂದುಗೂಡದಂತೆ ತಡೆಯಬಲ್ಲುದು.

ಪೊಕೆಲ್ಸರಿಗೆ ಬ್ರೌನ್‌ಷ್ವೈಗಿನ ತಾಂತ್ರಿಕ ವಿದ್ಯಾಲಯವು ಗೌರವ ಡಾಕ್ಟರ್ ಪದವಿಯನ್ನಿತ್ತುದು 1932ರಲ್ಲಿ. ಆಗ ಅವರಿಗೆ ಎಪ್ಪತ್ತರ ವಯಸ್ಸು. ಮೂರು ವರ್ಷಗಳಲ್ಲಿ ಅವರು ತೀರಿಕೊಂಡರು. ನಮ್ಮ ಮನೆಯ ಹೆಣ್ಣುಮಕ್ಕಳು ಪಾತ್ರೆಯ ನೀರನ್ನು ನೋಡಿ ಏನಾದರೂ ಪ್ರಶ್ನೆ ಕೇಳಿದರೆ, ಹಿರಿಯರಾದ ನಾವು ಅದನ್ನು ಅಲ್ಲಗಳೆಯದಿರೋಣ.